ಸಣ್ಣ ಜಾಝ್ ಲೇಬಲ್‌ಗಳ ಸೂಚಿ: ಎರಡು ತಾರೀಖುಗಳ ಅಂಕಣ ಎಲ್ಲಿಯವರೆಗೆ ಬಂದಿದೆ

ಸಣ್ಣ ಸ್ವತಂತ್ರ ಲೇಬಲ್‌ಗಳಿಂದ (ಸಂಗೀತ ಮುದ್ರಣಗಳನ್ನು ಹೊರತರುವ ಸಂಸ್ಥೆಗಳಿಂದ) ಹೊರಬರುತ್ತಿರುವ ಜಾಝ್ ಆಲ್ಬಂಗಳ ಬಗ್ಗೆ ಕನ್ನಡದಲ್ಲಿ ನಾನು ಸಿದ್ಧಪಡಿಸುತ್ತಿರುವ ಸೂಚಿಯಲ್ಲಿ ಹಿಂದಿನ ಹಂತದವರೆಗೆ ಪ್ರತಿ ನಮೂದಿಗೂ ಬಿಡುಗಡೆಯ ತಾರೀಖು ಮಾತ್ರ ಇತ್ತು. ಈ ಹಂತದಲ್ಲಿ ಧ್ವನಿಮುದ್ರಣದ ತಾರೀಖಿಗೂ ಒಂದು ಅಂಕಣ ಸೇರಿಸಿದ್ದೇನೆ. ಈ ಲೇಬಲ್‌ಗಳು ಹೊಸತೆಂದು ಹೊರತರುವ ಆಲ್ಬಂಗಳಲ್ಲಿ ಹಲವು, ಸ್ಟುಡಿಯೋದಲ್ಲಿ ಆಲ್ಬಂಗೆಂದೇ ನುಡಿಸಿದವಾಗಿರದೆ, ಬಾರಿನಲ್ಲೋ ಸಣ್ಣ ಸಭಾಂಗಣದಲ್ಲೋ ಕೇಳುಗರ ಮುಂದೆ ನುಡಿಸಿದ್ದನ್ನು ಹಿಡಿದಿಟ್ಟು, ಆಮೇಲೆ ಬಿಡುವಾಗಿ ಕೂತು ಆಯ್ದು ಕಟ್ಟಿದವಾಗಿರುತ್ತವೆ. ಹಾಗಾಗಿ ಎರಡು ತಾರೀಖುಗಳ ನಡುವಿನ ಅಂತರವನ್ನು ನೋಡಿದರೆ ಲೇಬಲ್ ನಿಜವಾಗಿ ಏನು ಮಾಡಿತು ಎಂಬುದರ ಸುಳಿವು ಸಿಗುತ್ತದೆ.

ಈ ದೃಷ್ಟಿಯಿಂದ ಮೊದಲು ಮುಗಿಸಿದ್ದು ಲಾಸ್ ಏಂಜಲೀಸ್‌ನ ಹೈಲ್ಯಾಂಡ್ ಪಾರ್ಕ್‌ನಲ್ಲಿದ್ದ ಇಟಿಎ (ಎನ್‌ಫೀಲ್ಡ್ ಟೆನಿಸ್ ಅಕಾಡೆಮಿ) ಎಂಬ ಚಿಕ್ಕ ಬಾರಿಗೆ ಸಂಬಂಧಿಸಿದ ನಮೂದುಗಳನ್ನು. ಗಿಟಾರ್ ವಾದಕ ಜೆಫ್ ಪಾರ್ಕರ್ ಅಲ್ಲಿ ವರ್ಷಗಟ್ಟಲೆ ಸೋಮವಾರ ರಾತ್ರಿಗಳಲ್ಲಿ ನುಡಿಸುತ್ತಿದ್ದರು. ಆಲ್ಟೋ ಸ್ಯಾಕ್ಸೋಫೋನ್‌ನಲ್ಲಿ ಜಾಶ್ ಜಾನ್ಸನ್, ಬೇಸ್‌ನಲ್ಲಿ ಆನಾ ಬಟರ್ಸ್, ಡ್ರಮ್ಸ್‌ನಲ್ಲಿ ಜೇ ಬೆಲರೋಸ್ ಜೊತೆಗಿದ್ದರು. ಬ್ರೈಸ್ ಗೊನ್ಜಾಲೆಸ್ ಎಂಬ ತಂತ್ರಜ್ಞರು ತಾವೇ ತಯಾರಿಸಿದ ಉಪಕರಣಗಳಿಂದ ಇವನ್ನು ಮುದ್ರಿಸಿಕೊಂಡರು. 2019ರಿಂದ 2021ರವರೆಗಿನ ಮುದ್ರಣಗಳಿಂದ ಆಯ್ದ ಎರಡು ಎಲ್‌ಪಿಗಳ ಆಲ್ಬಂ ‘ಮಂಡೇಸ್ ಅಟ್ ದಿ ಎನ್‌ಫೀಲ್ಡ್ ಟೆನಿಸ್ ಅಕಾಡೆಮಿ’ 2022ರಲ್ಲಿ ಎರಮೈಟ್ ಲೇಬಲ್‌ನಿಂದ ಬಂತು. ಎಲ್‌ಪಿಯ ಒಂದೊಂದು ಬದಿಗೆ ಒಂದೊಂದು ದೀರ್ಘ ವಾದನ. ಅದರ ನಂತರದ ‘ದಿ ವೇ ಔಟ್ ಆಫ್ ಈಝಿ’ 2023ರ ಜನವರಿ 2ರ ಒಂದೇ ರಾತ್ರಿಯ ಮುದ್ರಣ. ಇಂಟರ್‌ನ್ಯಾಷನಲ್ ಆ್ಯಂಥಮ್ ಮತ್ತು ನಾನ್‌ಸಚ್ ಸೇರಿ 2024ರಲ್ಲಿ ಅದನ್ನು ಹೊರತಂದವು. ಆ ಹೊತ್ತಿಗೆ ಇಟಿಎ ಬಾಗಿಲು ಹಾಕಿ ಬಹುತೇಕ ಒಂದು ವರ್ಷವಾಗಿತ್ತು.

ಈ ಎರಡನೆಯ ಆಲ್ಬಂನ ಮೊದಲ ವಾದನ ‘ಫ್ರೀಕಡೆಲಿಕ್’ ಪಾರ್ಕರ್ ಅವರ ಹಳೆಯ ರಚನೆ. ಷಿಕಾಗೋದ ಡೆಲ್‌ಮಾರ್ಕ್ ಲೇಬಲ್‌ಗಾಗಿ 2012ರಲ್ಲಿ ಮಾಡಿದ ‘ಬ್ರೈಟ್ ಲೈಟ್ ಇನ್ ವಿಂಟರ್’ನಲ್ಲಿ ಅದು ಮೊದಲು ಬಂದಿತ್ತು. ಎರಡನ್ನೂ ಒಂದರ ಹಿಂದೊಂದು ಕೇಳಿದವರಿಗೆ, ಹಳೆಯದರಲ್ಲಿ ಗಟ್ಟಿಯಾಗಿ ಕಟ್ಟಿಕೊಂಡಿದ್ದ ರಚನೆಯು ಹೊಸದರಲ್ಲಿ ಇಪ್ಪತ್ತು ನಿಮಿಷಕ್ಕೂ ಮೀರಿ ಹರಡಿಕೊಂಡು, ಬೇಸ್‌ನ ಪುನರಾವರ್ತನೆಯ ಮೇಲೆ ನಿಧಾನವಾಗಿ ಬಣ್ಣ ಬದಲಿಸುವುದು ಕಾಣುತ್ತದೆ. ಯಾರೂ ಆತುರಪಟ್ಟು ಏಕವಾದನಕ್ಕೆ ಮುನ್ನುಗ್ಗುವುದಿಲ್ಲ. ಮಧ್ಯಭಾಗ ತುಸು ಜಗ್ಗುತ್ತದೆ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸಲಿಲ್ಲ, ವಾರವಾರ ಒಂದೇ ಜಾಗದಲ್ಲಿ ನುಡಿಸಿದವರಿಗೆ ಮಾತ್ರ ದಕ್ಕುವ ನೆಮ್ಮದಿ ಅದು ಎಂದೇ ನಮೂದಿನಲ್ಲಿ ಬರೆದಿದ್ದೇನೆ. ಬಟರ್ಸ್ ಮತ್ತು ಜಾನ್ಸನ್ ಇಬ್ಬರೂ ಇರುವ ಎಸ್‌ಎಂಎಲ್ ಎಂಬ ಐವರ ತಂಡದ ‘ಸ್ಮಾಲ್ ಮೀಡಿಯಂ ಲಾರ್ಜ್’ ಕೂಡ 2024ರದ್ದೇ, ಇಟಿಎಯಲ್ಲೇ ಮುದ್ರಣವಾದದ್ದು. ಆದರೆ ಅಲ್ಲಿ ಮಾರ್ಗ ತಿರುವುಮುರುವು: ಆ ಕ್ಷಣಕ್ಕೆ ಹೊಳೆದಂತೆ ನುಡಿಸಿದ ಮನೋಧರ್ಮದ ವಾದನವನ್ನು ಆಮೇಲೆ ಕತ್ತರಿಸಿ, ಪದರ ಹೊದಿಸಿ, ಚಿಕ್ಕ ಚಿಕ್ಕ ರಚನೆಗಳನ್ನಾಗಿ ಮಾಡಲಾಗಿದೆ.

ಕತ್ತರಿಸಿ ಕಟ್ಟುವ ಈ ಪದ್ಧತಿ ಇಂಟರ್‌ನ್ಯಾಷನಲ್ ಆ್ಯಂಥಮ್‌ಗೆ ಹೊಸದೇನಲ್ಲ. ಸ್ಕಾಟಿ ಮೆಕ್‌ನೀಸ್ ಮತ್ತು ಡೇವಿಡ್ ಆ್ಯಲನ್ 2014ರಲ್ಲಿ ಷಿಕಾಗೋದಲ್ಲಿ ಶುರುಮಾಡಿದ ಈ ಲೇಬಲ್‌ಗೆ ಹೆಸರು ತಂದದ್ದೇ ಡ್ರಮ್ಸ್ ವಾದಕ ಮಕಾಯಾ ಮೆಕ್‌ಕ್ರೇವನ್ ಅವರ 2015ರ ‘ಇನ್ ದ ಮೊಮೆಂಟ್’. ಒಂದು ವರ್ಷದ ಅವಧಿಯಲ್ಲಿ ಒಂದೇ ಜಾಗದಲ್ಲಿ ನಡೆದ ಕಾರ್ಯಕ್ರಮಗಳ ಸುಮಾರು 48 ಗಂಟೆಗಳ ಮುದ್ರಣವನ್ನು ಜಾಲಾಡಿ, ಆಯ್ದ ತುಣುಕುಗಳನ್ನು ಮತ್ತೆ ಮತ್ತೆ ಮರಳುವ ಸುತ್ತುಗಳಾಗಿ ಹೊಲಿದು ಮೆಕ್‌ಕ್ರೇವನ್ ಅದನ್ನು ರೂಪಿಸಿದರು. ಹಳೆಯದಾದರೂ ಈ ನಮೂದನ್ನು ಸೂಚಿಯಲ್ಲಿ ಇಟ್ಟುಕೊಂಡಿದ್ದೇನೆ, ಏಕೆಂದರೆ ಇದಿಲ್ಲದೆ ಎಸ್‌ಎಂಎಲ್ ಎಲ್ಲಿಂದ ಬಂತೆಂದು ವಿವರಿಸುವುದು ಕಷ್ಟ.

ಎರಡು ತಾರೀಖುಗಳ ನಡುವಿನ ಅಂತರ ಬೇರೆಯದೇ ಅರ್ಥ ಪಡೆಯುವ ಒಂದು ನಮೂದೂ ಇದೆ. ಟ್ರಂಪೆಟ್ ವಾದಕಿ ಜೇಮಿ ಬ್ರಾಂಚ್ ತಮ್ಮ ‘ಫ್ಲೈ ಆರ್ ಡೈ’ ತಂಡದೊಂದಿಗೆ ಮೂರನೆಯ ಸ್ಟುಡಿಯೋ ಆಲ್ಬಂ ಅನ್ನು 2022ರ ಏಪ್ರಿಲ್‌ನಲ್ಲಿ ನೆಬ್ರಾಸ್ಕಾದ ಒಮಾಹಾದಲ್ಲಿರುವ ಬೆಮಿಸ್ ಕಲಾಕೇಂದ್ರದಲ್ಲಿ ಮುದ್ರಿಸಿದರು. ಅದೇ ಆಗಸ್ಟ್‌ನಲ್ಲಿ, 39ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಬಹುಪಾಲು ಸಿದ್ಧವಾಗಿದ್ದ ಆಲ್ಬಂ ಅನ್ನು ಕುಟುಂಬದವರು, ತಂಡದವರು ಮತ್ತು ಲೇಬಲ್‌ನವರು ಸೇರಿ ಪೂರ್ಣಗೊಳಿಸಿ 2023ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದರು. ಇದನ್ನು ಶೋಕದ ದಾಖಲೆಯಾಗಿ ಕೇಳಬೇಕಿಲ್ಲ. ಅದರಲ್ಲಿ ಬ್ರಾಂಚ್ ಕೂಗಿ ಹಾಡುತ್ತಾರೆ, ಚೆಲ್ಲೋ ಮತ್ತು ಡ್ರಮ್ಸ್ ಕುಣಿಸುತ್ತವೆ. ನಮೂದಿನ ಮೊದಲ ವಾಕ್ಯದಲ್ಲಿ ಸಾವಿನ ಮಾತು ಬೇಡವೆಂದು ತೀರ್ಮಾನಿಸಿ ಅದನ್ನು ಕೊನೆಗೆ ಸರಿಸಿದ್ದೇನೆ.

ನ್ಯೂಯಾರ್ಕಿನ ಪೈ ರೆಕಾರ್ಡಿಂಗ್ಸ್‌ನ ಭಾಗವೂ ಬಹುತೇಕ ಮುಗಿದಿದೆ. 2001ರಲ್ಲಿ ಆರಂಭವಾದ ಈ ಲೇಬಲ್ ವರ್ಷಕ್ಕೆ ಕೆಲವೇ ಆಲ್ಬಂಗಳನ್ನು ತರುತ್ತದೆ. ಇದೇ ಲೇಬಲ್‌ನಿಂದ ಬಂದ ಹೆನ್ರಿ ಥ್ರೆಡ್‌ಗಿಲ್ ಅವರ ‘ಇನ್ ಫಾರ್ ಎ ಪೆನಿ, ಇನ್ ಫಾರ್ ಎ ಪೌಂಡ್’ಗೆ 2016ರಲ್ಲಿ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತು. ಅವರ 2023ರ ‘ದಿ ಅದರ್ ಒನ್’ ಹಿಂದಿನ ವರ್ಷ ಬ್ರೂಕ್ಲಿನ್‌ನ ರೂಲೆಟ್ ಸಭಾಂಗಣದಲ್ಲಿ ಮುದ್ರಣವಾದದ್ದು. ಅದರಲ್ಲಿ ಥ್ರೆಡ್‌ಗಿಲ್ ತಾವು ನುಡಿಸದೆ ತಂಡವನ್ನು ನಿರ್ದೇಶಿಸಿದ್ದಾರೆ. ಇಲ್ಲಿ ಕತ್ತರಿಗೆ ಕೆಲಸ ಕಡಿಮೆ, ಬರೆದಿಟ್ಟ ಸಂಗೀತದ್ದೇ ಮೇಲುಗೈ.

ಕನ್ನಡದ ಓದುಗರಿಗೆ ಪೈ ಲೇಬಲ್‌ನ ಹೆಬ್ಬಾಗಿಲು ಬೇರೊಂದಿದೆ. ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ 2004ರ ‘ಮದರ್ ಟಂಗ್’ ಅಲ್ಲಿಂದಲೇ ಬಂತು. ತಾವು ಯಾವ ಭಾಷೆ ಆಡುತ್ತೇವೆಂದು ಭಾರತೀಯ ಮೂಲದ ಅಮೆರಿಕನ್ನರು ಕೊಟ್ಟ ಉತ್ತರಗಳ ಮಾತಿನ ಏರಿಳಿತವನ್ನೇ ಸ್ವರಕ್ಕೆ ಇಳಿಸಿ ಕಟ್ಟಿದ ರಚನೆಗಳು ಅದರಲ್ಲಿವೆ. ಒಂದರ ಹೆಸರು ‘ಕನ್ನಡ’, ಇನ್ನೊಂದರದು ‘ಕೊಂಕಣಿ’. 2008ರ ‘ಕಿನ್ಸ್‌ಮೆನ್’ನಲ್ಲಿ ಅವರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರೊಂದಿಗೆ ನುಡಿಸಿದ್ದಾರೆ, ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರ್ ಶ್ರೀಜಿ, ಗಿಟಾರ್‌ನಲ್ಲಿ ರೆಝ್ ಅಬ್ಬಾಸಿ ಇದ್ದಾರೆ. ರಚನೆಗಳ ನಡುನಡುವೆ ಒಬ್ಬೊಬ್ಬರ ಕಿರು ಆಲಾಪಗಳಿವೆ. ಒಂದೇ ಜಾತಿಯ ವಾದ್ಯದಲ್ಲಿ ಕದ್ರಿಯವರು ಗಮಕದಿಂದ ಸ್ವರವನ್ನು ತೂಗಿಸುವ ಬಗೆಯನ್ನೂ ಮಹಾಂತಪ್ಪ ಅದನ್ನು ಚೂಪಾಗಿ ಕಡಿಯುವ ಬಗೆಯನ್ನೂ ಪಕ್ಕಪಕ್ಕದಲ್ಲಿ ಕೇಳಲು ಇದಕ್ಕಿಂತ ಒಳ್ಳೆಯ ಮುದ್ರಣ ನನಗೆ ಗೊತ್ತಿಲ್ಲ. ಮಹಾಂತಪ್ಪ ಆಮೇಲೆ ಜರ್ಮನಿಯ ಆ್ಯಕ್ಟ್, ಲಂಡನ್ನಿನ ವರ್ಲ್‌ವಿಂಡ್ ಲೇಬಲ್‌ಗಳಿಗೂ ನುಡಿಸಿದರು, 2017ರ ‘ಅಗ್ರಿಮಾ’ವನ್ನು ತಾವೇ ಬಿಡುಗಡೆ ಮಾಡಿದರು. ಕಲಾವಿದರು ಹೀಗೆ ಲೇಬಲ್ ಬದಲಿಸುವುದನ್ನು ತೋರಿಸಲು ಸೂಚಿಯಲ್ಲಿ ಅಡ್ಡಕೊಂಡಿಗಳು ಬೇಕಾಗಿವೆ. ಆ ಕೆಲಸ ಅರ್ಧಕ್ಕೆ ನಿಂತಿದೆ.

ಪಿಯಾನೋ ವಾದಕಿ ಕ್ರಿಸ್ ಡೇವಿಸ್ 2016ರಲ್ಲಿ ಸ್ಥಾಪಿಸಿದ ಪೈರೋಕ್ಲಾಸ್ಟಿಕ್‌ನಿಂದ ಸದ್ಯಕ್ಕೆ ಒಂದೇ ನಮೂದು ಪೂರ್ಣವಾಗಿದೆ: ವೈಬ್ರಫೋನ್ ವಾದಕಿ ಪೆಟ್ರಿಶಿಯಾ ಬ್ರೆನನ್ ಅವರ ಏಳು ಜನರ ತಂಡದ ‘ಬ್ರೇಕಿಂಗ್ ಸ್ಟ್ರೆಚ್’, 2024. ಲಯದ ಲೆಕ್ಕಾಚಾರ ಇಷ್ಟಪಡುವವರು ಇಲ್ಲಿಂದ ಆರಂಭಿಸಬಹುದು.

ಸಾಮಗ್ರಿಯ ಬಗ್ಗೆ ಒಂದು ಮಾತು. ಎಲ್‌ಪಿ ತರಿಸುವ ಸಾಗಣೆ ವೆಚ್ಚ ನನ್ನ ಕೈಗೆಟಕುವಂಥದ್ದಲ್ಲದ್ದರಿಂದ ಬಹುತೇಕ ಎಲ್ಲವನ್ನೂ ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತ ಮಾರಾಟದ ಜಾಲತಾಣದಲ್ಲಿ ಡಿಜಿಟಲ್ ರೂಪದಲ್ಲಿ ಕೊಳ್ಳುತ್ತೇನೆ. ಡಿಜಿಟಲ್ ಮಾರಾಟದಲ್ಲಿ ಆ ತಾಣ ಸಾಮಾನ್ಯವಾಗಿ ಶೇ. 15ರಷ್ಟು ಪಾಲು ಇಟ್ಟುಕೊಳ್ಳುತ್ತದೆ. ‘ಬ್ಯಾಂಡ್‌ಕ್ಯಾಂಪ್ ಶುಕ್ರವಾರ’ ಎಂದು ಕರೆಯುವ ಆಯ್ದ ಕೆಲವು ಶುಕ್ರವಾರಗಳಂದು ಅದನ್ನೂ ಬಿಟ್ಟುಕೊಡುತ್ತದೆ; ಈ ಪದ್ಧತಿ 2020ರ ಮಾರ್ಚ್ 20ರಂದು ಶುರುವಾಯಿತು. ನನ್ನ ಮಟ್ಟಿಗೆ ಹೆಚ್ಚಿನ ಲಾಭವೆಂದರೆ, ಎಲ್ಲಿ ಯಾವಾಗ ಮುದ್ರಣವಾಯಿತು, ಯಾರು ಧ್ವನಿಮಿಶ್ರಣ ಮಾಡಿದರು ಎಂಬ ವಿವರ ಆಲ್ಬಂನ ಪುಟದಲ್ಲೇ ಇರುತ್ತದೆ. ಚಂದಾ ಕಟ್ಟಿ ಕೇಳುವ ಆ್ಯಪ್‌ಗಳಲ್ಲಿ ಬಹಳ ಸಲ ವಾದಕರ ಹೆಸರೂ ಪೂರ್ತಿ ಸಿಗುವುದಿಲ್ಲ. ಆದರೆ ಈ ತಾಣ 2022ರಲ್ಲಿ ಎಪಿಕ್ ಗೇಮ್ಸ್ ಎಂಬ ವಿಡಿಯೋ ಗೇಮ್ ಕಂಪನಿಯ ಕೈಗೆ, ಮರುವರ್ಷವೇ ಸಾಂಗ್‌ಟ್ರೇಡರ್ ಎಂಬ ಸಂಗೀತ ಪರವಾನಗಿ ಕಂಪನಿಯ ಕೈಗೆ ಹೋದದ್ದನ್ನು ನೋಡಿದ ಮೇಲೆ, ಪ್ರತಿ ಆಲ್ಬಂನ ವಿವರವನ್ನು ನನ್ನದೇ ಕಡತದಲ್ಲಿ ನಕಲು ಮಾಡಿಟ್ಟುಕೊಳ್ಳುವುದನ್ನು ನಿಯಮ ಮಾಡಿಕೊಂಡಿದ್ದೇನೆ.

ಮುಂದಿನ ಹಂತಕ್ಕೆ ಯುರೋಪಿನ ಎರಡು ಲೇಬಲ್‌ಗಳನ್ನು ಆರಿಸಿದ್ದೇನೆ: 1986ರಿಂದ ಜ್ಯೂರಿಕ್‌ನಲ್ಲಿ ನಡೆಯುತ್ತಿರುವ ಇಂಟಾಕ್ಟ್ ಮತ್ತು 2001ರಲ್ಲಿ ಲಿಸ್ಬನ್‌ನಲ್ಲಿ ಶುರುವಾದ ಕ್ಲೀನ್ ಫೀಡ್. ಇಂಟಾಕ್ಟ್‌ನಲ್ಲಿ ಪಿಯಾನೋ ವಾದಕಿ ಐರೀನ್ ಶ್ವೈಟ್ಸರ್ ಅವರ ಮುದ್ರಣಗಳಿಂದ ಆರಂಭಿಸುತ್ತೇನೆ. ಆ ಲೇಬಲ್ ಹುಟ್ಟಿದ್ದೇ ಅವರ ಸಂಗೀತವನ್ನು ಹೊರತರುವುದರಿಂದ. ಕ್ಲೀನ್ ಫೀಡ್‌ನ ಪಟ್ಟಿ ತೀರ ಉದ್ದವಿರುವುದರಿಂದ 2022ರ ನಂತರದ ಬಿಡುಗಡೆಗಳನ್ನಷ್ಟೇ ತೆಗೆದುಕೊಳ್ಳುತ್ತೇನೆ.