ಎಕ್ಸ್‌ರೇ ನಾರ್ಮಲ್ ಬಂತು, ಆದರೆ…

ಶಿರಸಿ, ಕುಮಟಾ ಕಡೆ ಬೆನ್ನುನೋವು ಅಂದಕೂಡಲೇ ಮೊದಲು ಮಾಡಿಸುವುದು ಎಕ್ಸ್‌ರೇ. ‘ಮೂಳೆ ಎಲ್ಲ ಸರಿ ಇದೆ’ ಅಂದುಬಿಟ್ಟರೆ ಮನೆಯವರಿಗೆ ಅರ್ಧ ಕಾಯಿಲೆ ವಾಸಿಯಾದ ಹಾಗೆ. ಯಡವಟ್ಟಾಗುವುದು ಅಲ್ಲೇ. ಫಿಲ್ಮಿನಲ್ಲಿ ಇರುವುದು ಬರೀ ನೆರಳು. ಮೂಳೆಯ ಕ್ಯಾಲ್ಸಿಯಂ ಕಿರಣವನ್ನು ಹೀರುವುದರಿಂದ ಅದು ಕಾಣುತ್ತದೆ. ಬೆನ್ನುಹುರಿ, ಸುತ್ತಲಿನ ದ್ರವ, ಹುರಿಯೊಳಗೆ ಬೆಳೆದ ಎಪೆಂಡಿಮೋಮಾ ಎಂಬಂಥ ಅಪರೂಪದ ಗಡ್ಡೆ, ಮೂರೂ ಆ ಕಿರಣದ ಪಾಲಿಗೆ ಹೆಚ್ಚುಕಡಿಮೆ ನೀರೇ. ವರ್ಷಗಟ್ಟಲೆ ನಿಧಾನವಾಗಿ ಬೆಳೆದ ಗಡ್ಡೆ ಮೂಳೆಯನ್ನು ಒಳಗಿಂದ ಸವೆಸಿದ್ದರೆ ಮಾತ್ರ ಒಂದು ಸುಳಿವು ಸಿಕ್ಕೀತು.

ಏನು ತಡೆಯುತ್ತದೆ, ಏನು ಬಿಡುತ್ತದೆ ಎಂಬ ಇದೇ ಲೆಕ್ಕ ಆಕಾಶಕ್ಕೂ ಇದೆ. ಕಾರವಾರದ ಕಡಲತೀರದಲ್ಲಿ ಎಂಥ ಎಕ್ಸ್‌ರೇ ದೂರದರ್ಶಕ ನಿಲ್ಲಿಸಿದರೂ ವೃಶ್ಚಿಕ ರಾಶಿಯಲ್ಲಿ ಎಕ್ಸ್‌ರೇ ಸೂಸುವ ‘ಸ್ಕಾರ್ಪಿಯಸ್ ಎಕ್ಸ್-1’ ಎಂಬ ಆಕರ ಸಿಗದು. ತಲೆಮೇಲಿನ ಗಾಳಿಯ ಒಟ್ಟು ತೂಕ 10 ಮೀಟರ್ ನೀರಿನಷ್ಟು. 1 ಕಿಲೋ ಎಲೆಕ್ಟ್ರಾನ್‌ವೋಲ್ಟಿನ, ಅಂದರೆ ಕಡಿಮೆ ಶಕ್ತಿಯ ‘ಮೃದು’ ಎಕ್ಸ್‌ರೇ ಕಿರಣವಂತೂ ಸಮುದ್ರಮಟ್ಟದ ಗಾಳಿಯಲ್ಲಿ ಕೆಲವೇ ಮಿಲಿಮೀಟರಿಗೆ ಸೊರಗುತ್ತದೆ. ಅದಕ್ಕೇ 1962ರಲ್ಲಿ ವಿಜ್ಞಾನಿ ಜಿಯಾಕೋನಿಯ ತಂಡ ಉಪಕರಣವನ್ನು ರಾಕೆಟ್ಟಿನಲ್ಲಿ ಕಳಿಸಿ ಈ ಆಕರವನ್ನು ಕಂಡುಹಿಡಿಯಿತು. ನಮ್ಮ ದೇಶದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ 2015ರಿಂದ ಸುಮಾರು 650 ಕಿ.ಮೀ. ಎತ್ತರದಲ್ಲಿದೆ. ಅದರ ಮೃದು ಎಕ್ಸ್‌ರೇ ದೂರದರ್ಶಕದ ಚಿನ್ನ ಲೇಪಿಸಿದ ಕನ್ನಡಿಗಳಿಗೆ ಕಿರಣ ನೇರ ಬಡಿದರೆ ಒಳಗೇ ಹೀರಿಹೋಗುತ್ತದೆ. ತೀರಾ ಓರೆಯಾಗಿ ಸವರಿಕೊಂಡು ಹೋದರಷ್ಟೇ ಪ್ರತಿಫಲಿಸುತ್ತದೆ. ಇನ್ನೂ ಗಡುಸಾದ ಕಿರಣಕ್ಕೆ ಅಲ್ಲಿ ಕನ್ನಡಿಯೇ ಇಲ್ಲ. ತೂತು ಕೊರೆದ ಫಲಕವೊಂದರ ನೆರಳು ನೋಡಿ ಮೂಲ ಎಲ್ಲಿದೆಯೆಂದು ಗಣಿಸುತ್ತಾರೆ. ಅಲ್ಲೂ ನೆರಳೇ!

ಬೆನ್ನುಹುರಿಗೆ ಬೇಕಾದ್ದು ಎಂಆರ್‌ಐ. ಅದರಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ, ದೇಹದ ಹೈಡ್ರೋಜನ್ನಿನ ಸಂಕೇತ ಓದುತ್ತದೆ. ಆದರೆ ಸೊಂಟದ ಎಂಆರ್‌ಐ ಒಂದನ್ನೇ ಮಾಡಿಸಿ, ಸಣ್ಣ ಡಿಸ್ಕ್ ಉಬ್ಬು ನೋಡಿ ಸುಮ್ಮನಾಗುವುದು ಎರಡನೇ ಯಡವಟ್ಟು. ಹೊಕ್ಕುಳದಿಂದ ಕೆಳಗೆ ಜೋಮು ಅಂದರೆ ಡಿ10, ಅಂದರೆ ಎದೆಭಾಗದ ಹತ್ತನೇ ನರದ ಮಟ್ಟ; ತೊಂದರೆ ಅಲ್ಲಿ ಅಥವಾ ಇನ್ನೂ ಮೇಲೆ, ಸೊಂಟದ ಫಿಲ್ಮಿನಲ್ಲಿ ಅದು ಬಾರದೆಯೂ ಇರಬಹುದು. ಮಲಗಿದಾಗ ನೋವು ಜಾಸ್ತಿ, ನಡಿಗೆ ಬಿಗಿ ಅಂದರೆ ಇಡೀ ಬೆನ್ನುಹುರಿಯ ಸ್ಕ್ಯಾನ್ ಬೇಕೇ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಕಾಲಿನ ಬಲ ಇಳಿಯುತ್ತಿದ್ದರೆ, ಮೂತ್ರ ಕಟ್ಟಿದರೆ ನಾಳೆಗೆ ಬಿಡಬೇಡಿ.

ಗಡ್ಡೆಯ ಅನುಮಾನಕ್ಕೆ ಗಡ್ಡೆ ಎದ್ದು ಕಾಣಲೆಂದು ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಎಂಬ ಔಷಧ ಹಾಕುತ್ತಾರೆ. ಸಾಮಾನ್ಯ ಪ್ರಮಾಣ ದೇಹತೂಕದ ಕಿಲೋಗೆ 0.1 ಮಿಲಿಮೋಲ್, ಬಹುಪಾಲು ಔಷಧಗಳಲ್ಲಿ 60 ಕಿಲೋ ತೂಕದವರಿಗೆ 12 ಮಿ.ಲೀ. ಕಿಡ್ನಿ ತೀರಾ ಕುಂದಿದವರಿಗೆ ಯೋಚಿಸಿಯೇ ಕೊಡಬೇಕು, ಹಾಗಾಗಿ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಜೊತೆಗಿರಲಿ.

ಕಾರವಾರದಿಂದ ಗೋವಾಕ್ಕೋ, ಶಿರಸಿಯಿಂದ ಹುಬ್ಬಳ್ಳಿಗೋ ಹೊರಡುವಾಗ ಫಿಲ್ಮಿಗಿಂತ ಸಿಡಿ ಮುಖ್ಯ. ಕಿಟಕಿಗೆ ಫಿಲ್ಮ್ ಹಿಡಿದು ತೆಗೆದ ವಾಟ್ಸಾಪ್ ಫೋಟೋದಲ್ಲಿ ನರರೋಗ ತಜ್ಞರಿಗೆ ಏನೂ ತಿಳಿಯದು. ಸಿಡಿಯಲ್ಲಿ ಡೈಕಾಮ್ ಕಡತಗಳು, ಅಂದರೆ ಸ್ಕ್ಯಾನಿನ ಮೂಲ ಚಿತ್ರಗಳು, ಇವೆಯೇ ನೋಡಿ, ಬರೀ ಜೆಪೆಗ್ ಇದ್ದರೆ ಮತ್ತೆ ಕೇಳಿ. ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೂ ಹಾಕಿಕೊಳ್ಳಿ. ನಮ್ಮ ಮಳೆಗಾಲದಲ್ಲಿ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಆಪರೇಷನ್ ಆಗಿದ್ದರೆ ಪೆಥಾಲಜಿ ರಿಪೋರ್ಟಿನ ಜೊತೆ ಸ್ಲೈಡು, ಗಡ್ಡೆಯ ತುಣುಕು ಹುದುಗಿಸಿದ ಪ್ಯಾರಾಫಿನ್ ಬ್ಲಾಕು ಎರಡನ್ನೂ ಪಡೆಯಿರಿ. ಇಂಥ ಅಪರೂಪದ ಗಡ್ಡೆಗೆ ಎರಡನೇ ಅಭಿಪ್ರಾಯ ಹೇಳುವವರು ನೋಡುವುದು ಅವನ್ನೇ. ಹಳೆಯ ರಿಪೋರ್ಟಿನಲ್ಲಿ ಮಿಕ್ಸೊಪ್ಯಾಪಿಲರಿ ಎಂಬ ಬಗೆಯ ಎಪೆಂಡಿಮೋಮಾಕ್ಕೆ ಗ್ರೇಡ್ (ಗಡ್ಡೆಯ ತೀವ್ರತೆಯ ದರ್ಜೆ) 1 ಎಂದಿದ್ದು ಈಗ 2 ಅಂದರೆ ಗಡ್ಡೆ ಕೆಟ್ಟಿತೆಂದು ಗಾಬರಿಯಾಗಬೇಡಿ, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವೇ ಬದಲಾಯಿತು. ಬ್ಲಾಕನ್ನು ಮಾತ್ರ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಅದು ಮೇಣ.