ಪಕ್ಕೆಲುಬಿಗೆ ಕಟ್ಟಿದ ಟವೆಲ್

ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಬೆಳಿಗ್ಗೆ ಎಂಟಾದರೆ ಮಾಳಿಗೆ ಮೇಲೆ ಬರಿಗಾಲು ಊರಲಾಗುವುದಿಲ್ಲ. ಹಾಗಾಗಿ ನಮ್ಮ ಪಿಲಾಟೀಸ್ ಎಂಬ ವ್ಯಾಯಾಮದ ಕ್ಲಾಸು ಐದೂವರೆಗೇ ಶುರು. ಓಣಿಯ ಆರು ಜನ ಹೆಂಗಸರು, ಆರು ಮ್ಯಾಟು, ನಮಗಿಂತ ಚಿಕ್ಕವಳಾದ ಒಬ್ಬ ಟೀಚರ್. ನಾನು ಸೇರಿದ್ದು ಸೊಂಟನೋವಿಗೆ. ಹದಿನಾಲ್ಕು ವರ್ಷದಿಂದ ದಾಲ್ ಮಿಲ್ಲಿನಲ್ಲಿ ಕೂತು ಲೆಕ್ಕ ಬರೆಯುತ್ತಿದ್ದೇನೆ.

ಆ ದಿನ 'ಹಂಡ್ರೆಡ್' ಮಾಡಿಸುತ್ತಿದ್ದರು. ಅಂಗಾತ ಮಲಗಿ ತಲೆ, ಹೆಗಲು, ಕಾಲು ಎತ್ತಿ, ಚಾಚಿದ ಕೈಗಳನ್ನು ಪಟಪಟನೆ ಮೇಲೆ ಕೆಳಗೆ ಆಡಿಸಬೇಕು. ಐದು ಎಣಿಕೆಗೆ ಉಸಿರು ಒಳಗೆ, ಐದು ಎಣಿಕೆಗೆ ಹೊರಗೆ. ಹೀಗೆ ಹತ್ತು ಸಲ ಆದರೆ ನೂರು. ನನಗೆ ನಲವತ್ತು ದಾಟುವಷ್ಟರಲ್ಲಿ ಕಣ್ಣು ಕತ್ತಲೆ ಕಟ್ಟಿತು.

"ಅಕ್ಕಾರ, ತಲಿ ಕೆಳಗ ಇಡ್ರಿ. ಎಣಸ್ಲಿಕತ್ತೀರಿ ಖರೆ, ಉಸಿರೇ ಬಿಡವಲ್ರಿ."

ನಿಜ. ನನಗದು ಗೊತ್ತೇ ಇರಲಿಲ್ಲ. ಭಾರ ಬಿತ್ತೆಂದರೆ ಹೊಟ್ಟೆ ಕಲ್ಲು ಮಾಡಿ ಉಸಿರು ಬಿಗಿಹಿಡಿಯುವುದು ನನ್ನ ರೂಢಿ. ನಳ ಬಂದಾಗ ತುಂಬಿದ ಕೊಡ ಎತ್ತುವುದೂ ಹಾಗೇ. ಉಸಿರು ಕಟ್ಟಿ ಬಲ ಹಾಕಿದರೆ ಬಿಪಿ ಒಮ್ಮೆಲೇ ಏರುತ್ತದೆ, ತಲೆ ಸುತ್ತುವುದೂ ಉಂಟು ಎಂದರು ಟೀಚರ್. ವ್ಯಾಯಾಮ ಅಲ್ಲಿಗೇ ನಿಲ್ಲಿಸಿ ನನ್ನನ್ನು ಎಬ್ಬಿಸಿ ಕೂರಿಸಿದರು. ಒಂದು ಹಳೆಯ ಟವೆಲನ್ನು ಎದೆಯ ಕೆಳಗೆ, ಪಕ್ಕೆಲುಬು ಮುಗಿಯುವ ಜಾಗಕ್ಕೆ ಸುತ್ತಿ, ಎರಡೂ ತುದಿ ಮುಂದೆ ತಂದು ನನ್ನ ಕೈಗೇ ಕೊಟ್ಟರು.

"ಮೂಗಿನಿಂದ ಉಸಿರು ತಗೋರಿ. ಹೆಗಲು ಏರಬಾರದು, ಹೊಟ್ಟಿ ಉಬ್ಬಬಾರದು. ಎಡಕ್ಕ, ಬಲಕ್ಕ, ಹಿಂದಕ್ಕ ಟವೆಲ್ ಅಗಲ ಆಗಬೇಕು."

ಹತ್ತು ಸಲ ತಗೊಂಡೆ, ಟವೆಲ್ ಅಲುಗಲಿಲ್ಲ, ಹೆಗಲಷ್ಟೇ ಕಿವಿಯತ್ತ ಏರಿತು. ಆಮೇಲೆ ಅವರು ಹಿಂದೆ ಕೂತು ನನ್ನ ಬೆನ್ನಿಗೆ ಎರಡೂ ಅಂಗೈ ಇಟ್ಟು, "ನನ್ನ ಕೈ ನೂಕ್ರಿ" ಎಂದರು. ಎಷ್ಟನೆಯ ಸಲಕ್ಕೋ ಬಲಗಡೆಯ ಪಕ್ಕೆ ಕೊಡೆಯ ಕಡ್ಡಿಯಂತೆ ಬಿಚ್ಚಿಕೊಂಡಿತು. ಬಟ್ಟೆ ಬಿಗಿಯಾಗಿ ಬೆನ್ನಿಗೆ ಒತ್ತಿತು. ಅಲ್ಲಿ ಗಾಳಿಗೆ ಜಾಗ ಇದೆಯೆಂದು ಆವತ್ತೇ ಗೊತ್ತಾದದ್ದು. ಕಣ್ಣಲ್ಲಿ ನೀರು ಬಂತು. ತೊಗರಿಯ ಹಂಗಾಮಿನಲ್ಲಿ ನಮ್ಮ ಲೆಕ್ಕದ ಕೋಣೆಗೂ ಹೊಟ್ಟಿನ ಧೂಳು ನುಗ್ಗುತ್ತದೆ. ಸೆರಗು ಮೂಗಿಗೆ ಹಿಡಿದು, ಎದೆಯ ಮೇಲ್ಭಾಗದಲ್ಲಷ್ಟೇ ಸಣ್ಣ ಸಣ್ಣ ಉಸಿರಾಡುತ್ತ ಇಷ್ಟು ವರ್ಷ ಕಳೆದಿದ್ದೆ. ಹಂಗಾಮು ಮುಗಿದರೂ ಆ ಉಸಿರು ಹಾಗೇ ಉಳಿದುಬಿಟ್ಟಿತ್ತು.

ಉಸಿರು ಬಿಡುವುದನ್ನು ಕಲಿಯಲು ಕಷ್ಟವಾಗಲಿಲ್ಲ. "ಒಲಿ ಊದದಂಗ" ಎಂದರು, ಅಷ್ಟೇ ಸಾಕಾಯಿತು. ಊದುಗೊಳವೆ ಹಿಡಿದು ಬೆಳೆದ ತುಟಿಗಳಿಗೆ ಅದು ಗೊತ್ತು. ತುಟಿ ಕಿರಿದು ಮಾಡಿ ನಿಧಾನಕ್ಕೆ, ಪೂರ್ತಿಯಾಗಿ ಬಿಟ್ಟಾಗ ಹೊಕ್ಕುಳ ಕೆಳಗೆ ಆಳದಲ್ಲಿ ಏನೋ ತಾನಾಗಿ ಒಳಗೆ ಸೇರಿಕೊಂಡಿತು. ನಡುವನ್ನು ಪಟ್ಟಿಯಂತೆ ಸುತ್ತಿರುವ ಒಳಗಿನ ಸ್ನಾಯು ಅದಂತೆ. ಬೆನ್ನುಮೂಳೆಯ ಕೆಳಭಾಗಕ್ಕೆ ಆಸರೆ ಕೊಡುವವುಗಳಲ್ಲಿ ಅದೂ ಒಂದು. ಉಸಿರು ಬಿಡುವಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ಶ್ರಮದ ಗಳಿಗೆಯಲ್ಲಿ ಉಸಿರು ಹೊರಗೆ ಹೋಗಬೇಕು ಎನ್ನುವುದು.

ಹಿಂದೆ ಯೋಗ ಕಲಿಯುವಾಗ ಹೊಟ್ಟೆ ಉಬ್ಬಿಸಿ ಉಸಿರಾಡಲು ಹೇಳಿಕೊಟ್ಟಿದ್ದರು. ಅದು ತಪ್ಪಲ್ಲ, ಮಲಗುವ ಮುಂಚೆ ಈಗಲೂ ಹಾಗೇ ಮಾಡುತ್ತೇನೆ, ನಿದ್ದೆ ಚೆನ್ನಾಗಿ ಬರುತ್ತದೆ. ಪಿಲಾಟೀಸಿನಲ್ಲಿ ಕೈಕಾಲು ಆಡುತ್ತಿರುವಷ್ಟು ಹೊತ್ತೂ ಹೊಟ್ಟೆ ಒಳಗಿರಬೇಕು. ಆದ್ದರಿಂದ ಗಾಳಿಗೆ ಪಕ್ಕದಲ್ಲಿ, ಬೆನ್ನಲ್ಲಿ ಜಾಗ ಮಾಡಿಕೊಡುತ್ತಾರೆ. ಇದನ್ನು ರೂಪಿಸಿದ ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು, ಚಿಕ್ಕಂದಿನಲ್ಲಿ ಆಸ್ತಮಾದಿಂದ ನರಳಿದವರು. ಉಸಿರಿಗಾಗಿ ಒದ್ದಾಡಿದ ಮಗುವೇ ದೊಡ್ಡವರಾಗಿ ಉಸಿರಿಗೆ ಇಷ್ಟು ಮಹತ್ವ ಕೊಟ್ಟರು ಎಂಬುದು ನನ್ನ ಮನಸ್ಸಿಗೆ ತುಂಬ ತಟ್ಟಿತು.

ಅಂದು ಸಂಜೆ ನಳ ಬಂತು. ಬಗ್ಗುವಾಗ ಉಸಿರು ತಗೊಂಡೆ, ಕೊಡ ಎತ್ತುವಾಗ ಒಲೆ ಊದಿದ ಹಾಗೆ ಬಿಟ್ಟೆ. ಅಡುಗೆಮನೆಯಿಂದ ಅತ್ತೆ, "ಯಾಕವ್ವಾ, ದಮ್ಮು ಬಂತೇನು?" ಎಂದು ಗಾಬರಿಯಾಗಿ ಕೇಳಿದರು. ಕೂರಿಸಿ ಎಲ್ಲ ಹೇಳಿದೆ. ಅವರ ಬೆನ್ನಿಗೆ ಕೈ ಇಟ್ಟು ನೋಡಿದೆ. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಬೆನ್ನು, ಮೊದಲನೇ ಉಸಿರಿಗೇ ನನ್ನ ಅಂಗೈ ತುಂಬಿತು.

ಮೂರನೇ ವಾರ ಮಂಡಿ ಮಡಿಸಿ, ಪಾದ ಮ್ಯಾಟಿಗೆ ಊರಿಕೊಂಡೇ ನೂರು ಮುಟ್ಟಿದೆ. ಕಾಲು ಎತ್ತಿ ಮಾಡುವುದು ಇನ್ನೂ ಬಾಕಿ ಇದೆ. ಶುರುವಿಗೆ ಐದು ನಿಮಿಷ ಈಗಲೂ ಟವೆಲ್ ಕಟ್ಟಿಕೊಂಡು ಕೂರುತ್ತೇನೆ. ಎಡಗಡೆಯ ಪಕ್ಕೆ ಇನ್ನೂ ತಡವಾಗಿ ಬಿಚ್ಚಿಕೊಳ್ಳುತ್ತದೆ.