ಗಜನಿಗೆ ಯಾವ ಬಣ್ಣ? ಉಬ್ಬುನಕ್ಷೆಯ ಮೂರನೆಯ ತಿಂಗಳು

ಏಪ್ರಿಲ್ ಕೊನೆಗೆ ಬರೀ ಗೆರೆಗಳಿದ್ದ ಹಲಗೆಯ ಮೇಲೆ ಈಗ ಘಟ್ಟ ಎದ್ದಿದೆ. ಮಾಜಾಳಿಯಿಂದ ಭಟ್ಕಳದವರೆಗಿನ ಕರಾವಳಿ, ಮೇಲೆ ನಮ್ಮ ಶಿರಸಿಯವರೆಗೆ. ಕಿಲೋಮೀಟರಿಗೆ ಒಂದು ಸೆಂಟಿಮೀಟರಿನಂತೆ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಪ್ಲೈವುಡ್ಡಿನಲ್ಲಿ ಅಂತೂ ಹಿಡಿಸಿತು.

ಎತ್ತರದಲ್ಲಿ ಮಾತ್ರ ಮೋಸ ಮಾಡಿದ್ದೇನೆ. ಇದೇ ಅಳತೆಯಲ್ಲಿ ಹೋದರೆ ಸುಮಾರು 600 ಮೀಟರ್ ಎತ್ತರದ ಶಿರಸಿ ಆರು ಮಿಲಿಮೀಟರಿಗೆ ಮುಗಿಯುತ್ತದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡ ಯಾರೂ ಅದನ್ನು ಒಪ್ಪಲಿಕ್ಕಿಲ್ಲ. ಹಾಗಾಗಿ ಐದು ಪಟ್ಟು: 100 ಮೀಟರಿಗೆ 5 ಮಿ.ಮೀ. ದಪ್ಪದ ಒಂದು ಫೋಮ್ ಹಾಳೆ. ಮೊದಲ ಹಾಳೆಗೆ ಸ್ಪ್ರೇ ಬಣ್ಣ ಹೊಡೆದು ಕಾರವಾರದ ಗುಡ್ಡಗಳನ್ನೇ ಕರಗಿಸಿಬಿಟ್ಟೆ. ಈಗ ನೀರಿನ ಬಣ್ಣ. ಶಿರಸಿಯ ಮಳೆಗೆ ಅದು ಒಣಗಲು ನಾಲ್ಕು ದಿನ ಬೇಕು.

ಕಾಳಿಗೆ ಕೊಡಸಳ್ಳಿ, ಕದ್ರಾ, ಶರಾವತಿಗೆ ಗೇರುಸೊಪ್ಪ ಎಂದು ತಗಡಿನ ಚೂರುಗಳನ್ನು ಅಡ್ಡ ನೆಟ್ಟೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಶಿರಸಿಯಿಂದ ತದಡಿಯವರೆಗೆ ಚಾಕು ಎತ್ತದೆ ಕೊರೆದೆ. 116 ಮೀಟರಿನ ಉಂಚಳ್ಳಿ ಜಲಪಾತ ಒಂದು ಹಾಳೆ, ಮೇಲೊಂದು ಕೂದಲೆಳೆ.

ತೊಡಕಾದದ್ದು ಆ ಹೊಳೆಯ ಕೊನೆಯಲ್ಲಿ. ಅಲ್ಲಿನ ಗಜನಿ ಭೂಮಿಯ, ಅಂದರೆ ಉಪ್ಪುನೀರು ಬಂದುಹೋಗುವ ತಗ್ಗು ಗದ್ದೆಗಳ, ಎತ್ತರ ನನ್ನ ಲೆಕ್ಕದಲ್ಲಿ ಸೊನ್ನೆ. ಯೋಚಿಸದೆ ನೀಲಿ ಬಳಿದಿದ್ದೆ. ಬಿತ್ತನೆ ಮುಗಿಸಿ ಕುಮಟಾ ಕಡೆಯಿಂದ ಬಂದ ಭಾವ ಕವಳ ಜಗಿಯುತ್ತ ಬಗ್ಗಿ ನೋಡಿದರು. "ಇದು ಯಾವ ತಿಂಗಳ ನಕ್ಷೆ ಮಾರಾಯ?"

ಅವರು ಕೇಳಿದ್ದು ಸರಿ. ಮಳೆನೀರು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಸ್ವಲ್ಪ ಉಪ್ಪುನೀರು ನುಗ್ಗಿದರೂ, ಕೆಲ ದಿನ ಮುಳುಗಿದರೂ ತಡೆದುಕೊಳ್ಳುವ ಎತ್ತರದ ತಳಿ. ಕೊಯ್ಯುವುದು ತೆನೆಯನ್ನಷ್ಟೇ. ಹುಲ್ಲು ಗದ್ದೆಯಲ್ಲೇ ಕೊಳೆತು ಸಿಗಡಿ, ಮೀನಿಗೆ ಮೇವಾಗುತ್ತದೆ. ಆಮೇಲೆ ಕಟ್ಟೆಯ ಹಲಗೆ ಎತ್ತಿ ಭರತದ ನೀರನ್ನು ಒಳಗೆ ಬಿಡುತ್ತಾರೆ. ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಹಿನ್ನೀರು. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಈ ಅಳಿವೆಯನ್ನು ನಾನು ಒಂದೇ ಬಣ್ಣದಲ್ಲಿ ಮುಗಿಸಲು ಹೊರಟಿದ್ದೆ.

ಅಲ್ಲಿ ಗುಳಿ ತೋಡಿ, ಹಲಸಿನ ಹಲಗೆಯ ತುಂಡೊಂದನ್ನು ಅದೇ ಆಕಾರಕ್ಕೆ ಕೆತ್ತಿದೆ. ಒಂದು ಮಗ್ಗುಲು ಹಸಿರು, ಇನ್ನೊಂದು ಬೂದುನೀಲಿ. ಬೇಕಾದಾಗ ಮಗುಚಿ ಇಟ್ಟರಾಯಿತು ಎಂದುಕೊಂಡೆ. ಮಗುಚಿದರೆ ಕೂರಲಿಲ್ಲ! ಎಡಬಲ ಒಂದೇ ಅಲ್ಲದ ಆಕಾರ ತಿರುವಿದಾಗ ಕನ್ನಡಿಯ ಬಿಂಬವಾಗುತ್ತದೆಂಬುದು ಎರಡು ಸಂಜೆ ಕೆತ್ತಿದ ಮೇಲೆ ಹೊಳೆಯಿತು. ಈಗ ಎರಡು ಬೇರೆ ತುಂಡುಗಳಿವೆ.

ನಿನ್ನೆ ಬದಲಿಸಿ ನೋಡಲು ಹೋದೆ. ಥಂಡಿಗೆ ಉಬ್ಬಿದ ಹಸಿರು ತುಂಡು ಗುಳಿಯಲ್ಲಿ ಕಚ್ಚಿಕೊಂಡಿದೆ. ಚಾಕುವಿನ ತುದಿಗೂ ಜಗ್ಗಲಿಲ್ಲ. ಭಾವನಿಗೆ ಫೋನ್ ಮಾಡಿದರೆ, "ಕೊಯ್ಲಿನವರೆಗೆ ತೆಗೆಯಬೇಡ" ಎಂದರು.